ಕತ್ತಲಾಗುವುದರೊಳಗೆ ಓದಿದ ಕಾದಂಬರಿಗಳು

ನನ್ನ ಹೆಂಡತಿಗೆ ಐದು ತಿಂಗಳು ತುಂಬಿದಾಗ ಮಧುಗಿರಿ ಆಸ್ಪತ್ರೆಯ ನರ್ಸಮ್ಮನವರು ಮನೆಗೆ ಬಂದು ನೋಡಿ, ಕೈ ತೊಳೆದುಕೊಳ್ಳುತ್ತಾ, "ಇನ್ನು ಹೆರಿಗೆ ಆಗೋವರೆಗೂ ಇವರು ಹಾಸಿಗೆ ಬಿಟ್ಟು ಏಳಕೂಡದು, ಮೇಷ್ಟ್ರೇ" ಎಂದರು. ನನ್ನ ತಾಯಿ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡರು. ನರ್ಸಮ್ಮ ಬೀದಿಗೆ ಇಳಿಯುವವರೆಗೂ ಸುಮ್ಮನಿದ್ದು, ಆಮೇಲೆ ನನ್ನ ಮೇಲೆ ಬಿದ್ದರು.

"ನಿನ್ನ ಹೊಟ್ಟೇಲಿ ಇಟ್ಕಂಡು ರಾಗಿ ಬೀಸ್ತಿದ್ದೆ ಕಣ್ಲಾ ನಾನು. ಮಲಿಕ್ಕಂಡೇ ಹೆರೋದು ಅಂದ್ರೆ ಇದ್ಯಾವ ಸೀಮೇಲೂ ಇಲ್ದಿದ್ದು!"

ಹಾಗೆ ಅಂದವರು ಮಾರನೆಯ ದಿನ ಬೆಳಿಗ್ಗೆ ಪಕ್ಕದ ಮನೆಯವರನ್ನು ಕರೆದು ಬೀಸುವ ಕಲ್ಲನ್ನು ಹಿತ್ತಲಿಗೆ ಸಾಗಿಸಿಬಿಟ್ಟರು. ಕಣ್ಣೆದುರಿಗೆ ಕಲ್ಲಿದ್ದರೆ ಸೊಸೆ ಎದ್ದು ಕೂತಾಳು ಎಂದು ಅವರ ಭಯ.

ಇದಕ್ಕೆ ಮುಂಚೆ ಎರಡು ಸಲ ನಾವು ಕಳೆದುಕೊಂಡಿದ್ದೆವು. ಮೊದಲನೆಯದು ಏಳನೆಯ ತಿಂಗಳಿಗೇ ಹುಟ್ಟಿತು, ಅಳಲೇ ಇಲ್ಲ. ಎರಡನೆಯದು ಗಂಡು. ಬೆಳಿಗ್ಗೆ ಹುಟ್ಟಿ ಸಂಜೆಯವರೆಗೆ ಉಸಿರಾಡಿತಂತೆ. ಎರಡೂ ಆದದ್ದು ಅವಳ ತವರಾದ ಪಾವಗಡದಲ್ಲಿ. ಎರಡು ಸಲವೂ ಸುದ್ದಿ ತಿಳಿದು ನಾನು ಹೋಗಿ ಸೇರುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಯಾವ ಮುಖವನ್ನೂ ನಾನು ನೋಡಲಿಲ್ಲ. ವಾಪಸು ಕರೆದುಕೊಂಡು ಬಂದ ಮೇಲೆ ನಾವಿಬ್ಬರೂ ಆ ವಿಷಯವಾಗಿ ಒಂದು ಮಾತೂ ಆಡಿರಲಿಲ್ಲ. ಅವಳು ಮಾತು ತೆಗೆಯಲಿ ಎಂದು ನಾನು, ನಾನು ತೆಗೆಯಲಿ ಎಂದು ಅವಳು. ಹೀಗೇ ವರ್ಷಗಳು ಹೋಗಿದ್ದವು.

ಈ ಸಲ ತವರಿಗೆ ಕಳಿಸುವುದು ಬೇಡ, ಆಸ್ಪತ್ರೆ ಹತ್ತಿರವಿರುವ ಮಧುಗಿರಿಯಲ್ಲೇ ಇರಲಿ ಎಂದು ನಾನು ಹಟ ಹಿಡಿದಿದ್ದೆ. ಪದ್ಧತಿ ಮುರಿದವನು ನಾನು. ಹೆಚ್ಚುಕಮ್ಮಿಯಾದರೆ ಎಲ್ಲರೂ ನನ್ನ ಕಡೆಗೇ ನೋಡುತ್ತಾರೆ ಎಂಬ ಅಳುಕು ಎದ್ದರೂ ಕೂತರೂ ಬಿಡುತ್ತಿರಲಿಲ್ಲ. ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಿರುವಾಗ ಬೀದಿಯಲ್ಲಿ ಯಾರಾದರೂ ಬಿರುಸಾಗಿ ನಡೆದು ಬಂದರೆ ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಬಿದ್ದುಹೋಗುತ್ತಿತ್ತು. ನಮ್ಮ ಮನೆಯಿಂದಲೇ ಬಂದರೋ ಏನೋ!

ಮಲಗಿದವಳ ಪಾಡು ಇನ್ನೂ ಕಷ್ಟ. ಅವಳು ಕೂತಲ್ಲಿ ಕೂರುವವಳಲ್ಲ. ಈಗ ದಿನವಿಡೀ ಜಂತೆ ನೋಡುತ್ತಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಬಿದ್ದಿರಬೇಕು. ನಾನು ಶಾಲೆಯಿಂದ ಬಂದ ಕೂಡಲೇ ಒಂದೇ ಪ್ರಶ್ನೆ.

"ಮಧ್ಯಾಹ್ನದಿಂದ ಅಲ್ಲಾಡೇ ಇಲ್ಲ ಅನ್ನಿಸ್ತೈತೆ. ಕೈ ಇಟ್ಟು ನೋಡಿ."

ನಾನು ಕೈ ಇಡುತ್ತಿದ್ದೆ. ನನ್ನ ಅಂಗೈಯ ನಾಡಿಯೇ ಹೊಡೆದುಕೊಳ್ಳುತ್ತಿತ್ತೋ ಒಳಗಿನ ಕೂಸು ಒದೆಯುತ್ತಿತ್ತೋ ತಿಳಿಯುತ್ತಿರಲಿಲ್ಲ. "ಅಲ್ಲಾಡ್ತಾ ಇದೆ" ಎಂದುಬಿಡುತ್ತಿದ್ದೆ.

ಮುಂದಿನ ವಾರ ಬಂದ ನರ್ಸಮ್ಮ ಅವಳ ಕಣ್ಣಿನ ಕೆಳಗಿನ ಕಪ್ಪು ನೋಡಿ ನನ್ನನ್ನು ಜಗಲಿಗೆ ಕರೆದರು. "ಹೀಗೆ ಯೋಚನೆ ಮಾಡ್ತಾ ಇದ್ರೆ ಮಲಗಿಸಿ ಏನು ಪ್ರಯೋಜನ? ಮನಸ್ಸಿಗೆ ಏನಾದ್ರೂ ಕೆಲಸ ಕೊಡಿ. ನೀವು ಓದಿದೋರು. ಏನಾದ್ರೂ ಓದಿ ಹೇಳಿ."

ನನ್ನ ಹತ್ತಿರ ಪುರಾಣ, ಶರಣರ ಕಥೆಗಳು ಇದ್ದವು. ಆದರೆ ಅವುಗಳ ಕೆಳಗೆ, ತಗಡಿನ ಟ್ರಂಕಿನ ತಳದಲ್ಲಿ, ತುಮಕೂರಿನ ಹೈಸ್ಕೂಲಿನಲ್ಲಿದ್ದಾಗ ಕೊಂಡ ನಾಲ್ಕು ಕಾದಂಬರಿಗಳೂ ಇದ್ದವು. ನಾಲ್ಕೂ ಒಬ್ಬರೇ ಬರೆದವು. ಮಾಯಾಲೋಕದ ಕಥೆಗಳು. ಜನರ ನಿದ್ದೆಯನ್ನು ಕೊಂಡು ಗಡಿಗೆಯಲ್ಲಿ ತುಂಬಿಡುವ ಮಾಂತ್ರಿಕ, ಅವನ ಗಾಜಿನ ಕೋಟೆ, ಆ ಗಡಿಗೆಗಳನ್ನು ಒಡೆಯಲು ಹೊರಟ ಕುಂಬಾರರ ಹುಡುಗಿ. ದೊಡ್ಡವರು ಅದನ್ನೆಲ್ಲ ಪೊಳ್ಳು ಕಥೆ, ಹುಡುಗರು ಕೆಡುವ ದಾರಿ ಎನ್ನುತ್ತಿದ್ದರು. ನನಗೋ ಆ ಲೇಖಕರೆಂದರೆ ಪ್ರಾಣ. ಅವರನ್ನು ನೋಡಿದವನಲ್ಲ, ಅವರ ಭಾವಚಿತ್ರವನ್ನೂ ಕಂಡವನಲ್ಲ. ಮೇಷ್ಟ್ರಾದ ಮೇಲೆ ಮಾತ್ರ ನಾಚಿಕೆಯಾಗಿ ಟ್ರಂಕಿನ ತಳಕ್ಕೆ ಸೇರಿಸಿದ್ದೆ.

ಪುರಾಣ ಓದಿದೆ. ಅವಳಿಗೆ ಗೊತ್ತಿದ್ದ ಕಥೆಯೇ. ಕಣ್ಣು ಜಂತೆಯ ಮೇಲೆ, ಕೈ ಹೊಟ್ಟೆಯ ಮೇಲೆ. ಮೂರನೆಯ ದಿನ ಟ್ರಂಕಿನ ತಳದಿಂದ ಮೊದಲನೆಯ ಕಾದಂಬರಿ ತೆಗೆದೆ.

ಆಗ ಯುದ್ಧದ ಕಾಲ. ಎಲ್ಲೋ ದೂರದ ಯುದ್ಧ ನಮ್ಮ ಊರಿಗೆ ಬಂದದ್ದು ಸೀಮೆಎಣ್ಣೆ ಸಿಗದಿರುವ ರೂಪದಲ್ಲಿ. ಕೊಟ್ಟ ಎಣ್ಣೆ ಅಡುಗೆಮನೆಯ ಬುಡ್ಡಿಗೇ ಸಾಲದು. ಆದ್ದರಿಂದ ಓದು ಏನಿದ್ದರೂ ಶಾಲೆ ಬಿಟ್ಟು ನಾನು ಮನೆಗೆ ಬಂದಾಗಿನಿಂದ ಕತ್ತಲಾಗುವವರೆಗೆ ಮಾತ್ರ. ನಮ್ಮ ಬೀದಿ ಬೆಟ್ಟದ ಮಗ್ಗುಲಲ್ಲೇ ಇತ್ತು. ಅಷ್ಟು ದೊಡ್ಡ ಬಂಡೆ ಸಂಜೆಯ ಬೆಳಕಿಗೆ ಅಡ್ಡ ನಿಂತು ನಮ್ಮ ಮನೆಗೆ ಬೇಗ ಮಬ್ಬು ತರುತ್ತಿತ್ತು. ನಾನು ಹಾಸಿಗೆಯ ಪಕ್ಕದ ಕಿಟಕಿಗೆ ಪುಸ್ತಕ ಒರಗಿಸಿಕೊಂಡು ಬೆಳಕಿನ ಜೊತೆ ಓಟಕ್ಕೆ ಬಿದ್ದವನಂತೆ ಓದುತ್ತಿದ್ದೆ.

ಮೊದಲ ದಿನ ಕುಂಬಾರರ ಹುಡುಗಿ ಗಾಜಿನ ಕೋಟೆಯ ಬಾಗಿಲು ತಟ್ಟುವಲ್ಲಿಗೆ ಅಕ್ಷರ ಕಾಣದಾಯಿತು. ಪುಸ್ತಕ ಮುಚ್ಚಿದೆ.

"ಬಾಗ್ಲು ತೆಗೆದ್ನಾ ಅವ್ನು?" ಎಂದಳು ಹೆಂಡತಿ.

"ನಾಳೆ ಓದ್ತೀನಿ."

"ನಿಮಗೆ ಗೊತ್ತಲ್ಲ, ಹೇಳಿ."

ನಾನು ಹೇಳಲಿಲ್ಲ. ಬೇಕೆಂದೇ. ಆ ದಿನ ಅವಳ ಕೈ ಹೊಟ್ಟೆಯ ಮೇಲಿಂದ ಜಾರಿ ಪಕ್ಕದಲ್ಲಿ ಬಿದ್ದಿದ್ದನ್ನು ನಾನು ನೋಡಿದ್ದೆ. ನನ್ನ ತಾಯಿ ಅಡುಗೆಮನೆಯ ಹೊಸ್ತಿಲಲ್ಲಿ ಮೊರ ಹಿಡಿದು ಕೂತಿದ್ದರು. ಮೊರದಲ್ಲಿ ಅವರೆಕಾಳು ಹಾಗೇ ಇತ್ತು, ಕೇರಿದ ಗುರುತೇ ಇರಲಿಲ್ಲ.

ತಿಂಗಳೊಳಗೆ ನಾಲ್ಕೂ ಮುಗಿದವು. ಮುಗಿದ ಮರುದಿನವೇ ಅವಳ ಕೈ ಮತ್ತೆ ಹೊಟ್ಟೆಯ ಮೇಲೆ ಬಂತು. ಏಳನೆಯ ತಿಂಗಳು ಹತ್ತಿರವಾಗುತ್ತಿತ್ತು. ಮೊದಲನೆಯ ಕೂಸು ಹೋದ ತಿಂಗಳು. ಅದನ್ನು ಬಾಯಿ ಬಿಟ್ಟು ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ನನ್ನ ತಾಯಿ ಬೆಳಗಿನ ಪೂಜೆಗೆ ಕೂತರೆ ಏಳುವುದನ್ನೇ ಮರೆಯತೊಡಗಿದರು.

ಕೊನೆಯ ಕಾದಂಬರಿಯ ಹಿಂಭಾಗದಲ್ಲಿ ಲೇಖಕರು ಬರೆದ ಒಂದು ಪುಟವಿತ್ತು. ಹುಡುಗನಾಗಿದ್ದಾಗ ಕಥೆ ಮುಗಿಯಿತಲ್ಲ ಎಂದು ಅದನ್ನು ನಾನು ಓದಿಯೇ ಇರಲಿಲ್ಲ. ಈಗ ಬೇರೆ ಗತಿಯಿಲ್ಲದೆ ಅವಳಿಗೆ ಅದನ್ನೂ ಓದಿದೆ. ನಿಮ್ಮ ಪುಸ್ತಕಗಳು ಮುಗಿದ ಮೇಲೆ ಮುಂದೇನು ಓದಬೇಕೆಂದು ಓದುಗರು ಕೇಳುತ್ತಿದ್ದಾರೆ, ನಾನು ಬರೆಯುವುದು ನಿಧಾನ, ಅಷ್ಟರಲ್ಲಿ ನನಗೆ ಊಟ ಮರೆಸಿದ ಈ ಮೂರು ಕಾದಂಬರಿಗಳನ್ನು ಹುಡುಕಿ ಓದಿ, ಎಂದು ಅವರು ಬರೆದಿದ್ದರು. ಮೂರನ್ನೂ ಏಕೆ ಮೆಚ್ಚಿದರೆಂದು ನಾಲ್ಕು ನಾಲ್ಕು ಸಾಲು. ಮೊದಲೆರಡು ಕನ್ನಡದವು, ಮೂರನೆಯದು ತೆಲುಗಿನದು. ಬರೆದವರ ಹೆಸರನ್ನು ನಾನು ಕೇಳಿಯೂ ಇರಲಿಲ್ಲ. ಆದರೆ ಅವರು ಮೆಚ್ಚಿದ್ದಾರೆ ಎಂದ ಮೇಲೆ ನನಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಆದರೆ ಸಿಗಬೇಕಲ್ಲ! ಕಾಗದಕ್ಕೇ ಬರ ಬಂದಿದ್ದ ಕಾಲ. ಹಳೆಯ ಪುಸ್ತಕಗಳನ್ನು ಮತ್ತೆ ಅಚ್ಚು ಹಾಕುವವರು ಯಾರು? ಸಿಕ್ಕ ಸಿಕ್ಕವರನ್ನೆಲ್ಲ ಕೇಳಿದೆ. ನಮ್ಮ ಹೆಡ್‌ಮೇಷ್ಟ್ರು, "ಕೊರಟಗೆರೇಲಿ ರಿಟೈರಾದ ಶೇಕ್ದಾರರು ಒಬ್ಬರಿದ್ದಾರೆ. ಇಂಥ ಹುಚ್ಚು ಪುಸ್ತಕ ಎಲ್ಲಾ ಅವರ ಮನೇಲಿ" ಎಂದರು.

ಭಾನುವಾರ ಕೊರಟಗೆರೆಗೆ ಹೊರಟೆ. ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಬಸ್ಸು. ಕ್ಲೀನರು ಹಿಂದುಗಡೆಯ ಉಕ್ಕಿನ ಡಬ್ಬಿಯ ತಿರುಗಣಿ ತಿರುಗಿಸಿ ತಿರುಗಿಸಿ ಬೆವರಿದ ಮೇಲೆ ಅದು ಕೆಮ್ಮಿಕೊಂಡು ಎದ್ದಿತು. ಏರು ಬಂದಲ್ಲೆಲ್ಲ ನಾವು ಇಳಿದು ನಡೆದೆವು. ಶೇಕ್ದಾರರು ಪಂಚೆಯ ಮೇಲೆ ಹಳೇ ಕೋಟು ಹಾಕಿಕೊಂಡು ಜಗಲಿಯಲ್ಲೇ ಕೂತಿದ್ದರು. ಮೊದಲ ಪುಸ್ತಕದ ಹೆಸರು ಹೇಳಿದ ಕೂಡಲೇ ಅವರ ಮುಖ ಅನುಮಾನದಿಂದ ಗಂಟಿಕ್ಕಿತು.

"ಅದು ಯಾರಿಗೂ ಗೊತ್ತಿಲ್ಲದ ಪುಸ್ತಕ. ನಿಮಗೆ ಹೇಳಿದ್ಯಾರು?"

ನಾನು ಲೇಖಕರ ಹೆಸರು ಹೇಳಿದೆ. ಅವರು ಎದ್ದು ನಿಂತರು. "ಅವರು ಇದನ್ನ ಓದಿದಾರಾ? ಮೆಚ್ಚಿ ಬರೆದಿದಾರಾ?" ಎಂದು ಎರಡೆರಡು ಸಲ ಕೇಳಿದರು. ಒಳಗಿನಿಂದ ಪುಸ್ತಕ ತಂದು, ನನ್ನ ಕೈಗೆ ಕೊಟ್ಟರೂ ಬಿಡದೆ, ಒಂದು ತುದಿ ತಾವೇ ಹಿಡಿದುಕೊಂಡು ಅಂದರು: "ಮಳೇಲಿ ನೆನೆಸಬೇಡಿ. ಎಂಜಲು ಹಚ್ಚಿ ಹಾಳೆ ತಿರುಗಿಸಬೇಡಿ. ಓದಿ ಹೆಂಗಿತ್ತು ಅಂತ ಬಂದು ಹೇಳಬೇಕು."

ಕೆರೆಯ ತಳದಲ್ಲಿರುವ ಒಂದು ಪಟ್ಟಣದ ಕಥೆ ಅದು. ಅಲ್ಲಿಯ ಜನ ಮಾತಾಡಿದರೆ ಮಾತು ಗುಳ್ಳೆಯಾಗಿ ಮೇಲೆದ್ದು ನೀರಿನ ಮೇಲೆ ಒಡೆಯುತ್ತಿತ್ತು. ದಡದಲ್ಲಿ ಕಿವಿಗೊಟ್ಟವರಿಗೆ ಕೇಳುತ್ತಿತ್ತು. ನನ್ನ ಹೆಂಡತಿಗೆ ಅದು ಎಷ್ಟು ಹಿಡಿಸಿತೆಂದರೆ, ನನ್ನ ತಾಯಿ ನೀರು ಕಾಯಿಸುವಾಗಲೂ, "ಅತ್ತೆ, ಗುಳ್ಳೆ ಏನಂತೈತೆ?" ಎಂದು ಕೂಗಿ ಕೇಳುತ್ತಿದ್ದಳು.

"ನಿನ್ ಗಂಡ ಇನ್ನೂ ಬಂದಿಲ್ಲ, ಕತೆ ಇಲ್ಲ, ಬಾಯಿ ಮುಚ್ಕಂಡು ಮಲಿಕ್ಕೊ ಅಂತೈತೆ ಕಣಮ್ಮ."

ನಾನು ಒಂದು ಮಧ್ಯಾಹ್ನ ಶಾಲೆಯ ಬಿಡುವಿನಲ್ಲಿ ಮುಂದಿನ ಅಧ್ಯಾಯ ನೋಡಿಕೊಳ್ಳೋಣವೆಂದು ಪುಸ್ತಕ ತೆರೆದೆ. ಕೆರೆಯ ತಳದ ರಾಣಿ ಹೆರಿಗೆಯಲ್ಲಿ ಸಾಯುತ್ತಿದ್ದಳು. ಒಂದೆರಡು ಸಾಲಲ್ಲ, ಅಧ್ಯಾಯವಿಡೀ. ನೋವು, ಬೆವರು, ದಾದಿಯರ ಪಿಸುಮಾತು, ಎಲ್ಲವನ್ನೂ ಬರೆದವನು ಚೂರೂ ಕರುಣೆಯಿಲ್ಲದೆ ಬರೆದಿದ್ದ. ಇದನ್ನು ಇವತ್ತು ಸಂಜೆ ಅವಳಿಗೆ ಓದಬೇಕಾಗಿತ್ತು. ಪುಸ್ತಕ ಕಳೆದುಹೋಯಿತು ಎಂದರೆ ಅವಳು ಕೊರಗುತ್ತಾಳೆ. ಓದುವುದಿಲ್ಲ ಎಂದರೆ ಏಕೆಂದು ಊಹಿಸುತ್ತಾಳೆ.

ಆ ಸಂಜೆ ಪುಸ್ತಕ ಕಣ್ಣ ಮುಂದೆ ಹಿಡಿದು ಬಾಯಿಗೆ ಬಂದದ್ದನ್ನು ಹೇಳಿದೆ. ರಾಣಿಗೆ ಹೆರಿಗೆಯೇ ಆಗಲಿಲ್ಲ. ಶತ್ರುಗಳು ಬಂದರು, ರಾಣಿ ಸುರಂಗದಲ್ಲಿ ಬೇರೆ ಕೆರೆಗೆ ಹೋದಳು. ಮುಂದಿನ ಅಧ್ಯಾಯಗಳಲ್ಲಿ ರಾಣಿ ಇಲ್ಲವಲ್ಲ, ಅದಕ್ಕೆ ಆ ಬೇರೆ ಕೆರೆ. ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳುತ್ತಿತ್ತು. ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅಂತೂ ದಾಟಿದೆ ಎಂದುಕೊಂಡೆ.

ಎರಡನೆಯ ಪುಸ್ತಕ ಶಿರಾದಲ್ಲಿ ಒಂದು ಮನೆಯಲ್ಲಿದೆ ಎಂದು ಯಾರೋ ಅಂದರು. ಆಗ ಏಳನೆಯ ತಿಂಗಳು ದಾಟಿತ್ತು. ಮನೆಯಲ್ಲಿ ಎಲ್ಲರ ಉಸಿರು ಸ್ವಲ್ಪ ಸಡಿಲವಾಗಿತ್ತು. ಬೆಳಿಗ್ಗೆ ಹೋಗಿ ಸಂಜೆಗೆ ಬಂದುಬಿಡುತ್ತೇನೆ ಎಂದು ಹೊರಟೆ. ಶಿರಾದ ಆ ಮನೆಯ ಯಜಮಾನರು ಸಾಬರು, ಒಳ್ಳೆಯ ಮನುಷ್ಯ. ಕೂರಿಸಿ ಚಹಾ ಕೊಟ್ಟು, "ಏನ್ ಮಾಡೋದು ಮೇಷ್ಟ್ರೇ, ಗೆದ್ದಲು ಸಾಫ್ ಮಾಡಿಬಿಡ್ತು" ಎಂದು ರಟ್ಟು ಮಾತ್ರ ಉಳಿದ ಪುಸ್ತಕ ತೋರಿಸಿದರು. ರಟ್ಟಿನೊಳಗೆ ಮಣ್ಣಿತ್ತು. ವಾಪಸು ಬರುವ ಬಸ್ಸು ಅರ್ಧ ದಾರಿಯಲ್ಲಿ ನಿಂತಿತು. ಇದ್ದಿಲು ಮುಗಿದಿತ್ತೋ ಯಂತ್ರವೇ ಕೆಟ್ಟಿತ್ತೋ, ಡ್ರೈವರಿಗೂ ಗೊತ್ತಾಗಲಿಲ್ಲ. ಆ ರಾತ್ರಿ ದಾರಿಯ ಪಕ್ಕದ ಹಳ್ಳಿಯಲ್ಲಿ ಯಾರದೋ ಜಗಲಿಯಲ್ಲಿ ಕಳೆಯಬೇಕಾಯಿತು. ಬೆಳಗಾಗುತ್ತಲೇ ಒಂದು ಎತ್ತಿನ ಗಾಡಿ ಹಿಡಿದು, ಸಿಕ್ಕಷ್ಟು ದೂರ ಅದರಲ್ಲಿ, ಉಳಿದದ್ದು ನಡೆದು ಮನೆಗೆ ಬಂದೆ.

ಬಾಗಿಲಲ್ಲಿ ನರ್ಸಮ್ಮನವರ ಚಪ್ಪಲಿ ಇತ್ತು.

ಆ ಚಪ್ಪಲಿ ನೋಡಿ ನಾನು ಒಳಗೆ ಕಾಲಿಡಲಾರದೆ ನಿಂತುಬಿಟ್ಟೆ. ಒಳಗೆ ಯಾರೂ ಅಳುತ್ತಿರಲಿಲ್ಲ. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ತಿಳಿಯದೆ ಬಾಗಿಲ ಚೌಕಟ್ಟು ಹಿಡಿದುಕೊಂಡೆ. ನನ್ನ ತಾಯಿ ಹೊರಗೆ ಬಂದರು.

"ಬಂದ್ಯಾ? ನಿನ್ನೆ ಸಂಜೆ ನೋವು ಬಂದ್ಬುಡ್ತು ಅವಳಿಗೆ. ನೀನು ಬರ್ಲಿಲ್ಲ, ದಾರೀಲಿ ಏನಾಯ್ತೋ ಅಂತ ಎದ್ದೆದ್ದು ಬಾಗ್ಲಿಗೆ ಬರೋಳು. ಬ್ಯಾಡ ಅಂದ್ರೂ ಕೇಳ್ಲಿಲ್ಲ. ಕತೆ ಪುಸ್ತಕ ಹುಡುಕ್ಕೊಂಡು ಊರೂರು ತಿರುಗ್ತೀಯಲ್ಲೋ, ಮನೇಲಿರೋ ಜೀವ ಯಾರ್ ನೋಡ್ಬೇಕು?"

"ಈಗ ಹೆಂಗಿದಾಳಮ್ಮ?"

"ನಿಂತೈತೆ. ನರ್ಸಮ್ಮ ಏನೋ ಔಷಧಿ ಕೊಟ್ರು. ಇವತ್ತೂ ನಾಳೆನೂ ಮಿಸುಕಬಾರ್ದಂತೆ."

ಒಳಗೆ ಹೋದರೆ ಅವಳು ಬಿಳಿಚಿಕೊಂಡು ಮಲಗಿದ್ದಳು. ನನ್ನನ್ನು ಕಂಡು, "ಸಿಕ್ತಾ?" ಎಂದಳು. ನಾನು ಗೋಡೆಯ ಕಡೆ ತಿರುಗಿ ಅಂಗಿಯ ಗುಂಡಿ ಬಿಚ್ಚುತ್ತಾ ನಿಂತೆ. ಇನ್ನು ಮೇಲೆ ಊರು ಬಿಡುವುದಿಲ್ಲವೆಂದು ನನಗೆ ನಾನೇ ಆಣೆ ಹಾಕಿಕೊಂಡೆ.

ಸುದ್ದಿ ತಿಳಿದು ಪಾವಗಡದಿಂದ ಮಾವನವರು ಬಂದರು. ಕಡಲೆಕಾಯಿ ವ್ಯಾಪಾರದವರು, ಕನ್ನಡ ತೆಲುಗು ಎರಡನ್ನೂ ಒಂದೇ ಉಸಿರಲ್ಲಿ ಆಡುವವರು. ಮಗಳ ತಲೆಯ ಹತ್ತಿರ ಕೂತು, "ಏಂ ತಲ್ಲೀ, ಏನ್ ತಂದುಕೊಡ್ಲಿ? ಬೆಲ್ಲದ ಮಿಠಾಯಿ?" ಎಂದು ಕೇಳಿದರು. ಅವಳು ಮಿಠಾಯಿ ಕೇಳಲಿಲ್ಲ. ಆ ತೆಲುಗು ಕಾದಂಬರಿಯ ಹೆಸರು ಹೇಳಿದಳು. ನಾನು ಒಂದೇ ಸಲ ಓದಿ ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದಳು.

ಮಾವನವರು ನನ್ನ ಮುಖ ನೋಡಿದರು. "ಅಳಿಯಂದಿರೇ, ನೀವು ಪುರಾಣ ಓದ್ತಿದ್ದೀರಿ ಅಂದ್ಕೊಂಡಿದ್ದೆ." ಹತ್ತು ಹನ್ನೆರಡು ದಿನಕ್ಕೆ ಅವರೇ ಮತ್ತೆ ಬಂದು, ಟವಲಿನಲ್ಲಿ ಸುತ್ತಿದ ಪುಸ್ತಕ ಮಗಳ ಪಕ್ಕದಲ್ಲಿ ಇಟ್ಟರು. ಪಾವಗಡದಲ್ಲಿ ಯಾರೋ ಹಿಂದೂಪುರದ ನೆಂಟರಿಂದ ತರಿಸಿದ್ದಂತೆ.

ಪುಸ್ತಕ ಬಂತು. ಓದುವವರು ಯಾರು? ನನ್ನ ಹೆಂಡತಿಗೆ ತೆಲುಗು ನೀರು ಕುಡಿದಂತೆ, ಆದರೆ ಅವಳಿಗೆ ಯಾವ ಭಾಷೆಯ ಅಕ್ಷರವೂ ಬಾರದು. ನನಗೆ ಅಂಗಡಿ ಬೀದಿಯಲ್ಲಿ ಕಿವಿಗೆ ಬೀಳುವ ಹತ್ತು ಮಾತು ಬಿಟ್ಟರೆ ತೆಲುಗು ತಿಳಿಯದು. ಆದರೆ ಹಾಳೆ ತೆರೆದು ನೋಡಿದರೆ ಅಕ್ಷರಗಳು ನಮ್ಮವುಗಳ ಒಡಹುಟ್ಟಿದವೇ. ತಲೆಕಟ್ಟು ಒಂದು ಚೂರು ಬೇರೆ, ಕೆಲವು ಅಕ್ಷರಗಳಷ್ಟೇ ಪೂರಾ ಬೇರೆ. ಅವನ್ನು ಮಾವನವರು ಹೊರಡುವ ಮುಂಚೆ ತೋರಿಸಿಕೊಟ್ಟರು. ಒಂದನೇ ತರಗತಿಯ ಮಗುವಿನ ಹಾಗೆ ಕೂಡಿಸಿ ಕೂಡಿಸಿ ನಾನು ಓದತೊಡಗಿದೆ. ಓದಿದ್ದು ಏನೆಂದು ನನಗೆ ತಿಳಿಯದು. ಅವಳು ಕಣ್ಣು ಮುಚ್ಚಿ ಕೇಳಿ, ಒಂದೊಂದು ಪುಟಕ್ಕೂ ನನಗೆ ಕನ್ನಡದಲ್ಲಿ ಕಥೆ ಹೇಳುತ್ತಿದ್ದಳು. ನಾನು ತಪ್ಪಾಗಿ ಬಿಡಿಸಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆ ನಗುವಿಗೂ ನನಗೆ ಹೆದರಿಕೆ. ಎಲ್ಲಿ ನೋವು ಬಂದುಬಿಡುತ್ತದೋ ಎಂದು.

ರಾತ್ರಿಯಾದರೆ ಬೆಟ್ಟಗಳು ಎದ್ದು ನಡೆದಾಡುವ ರಾಜ್ಯದ ಕಥೆ ಅದು. ಜನ ಬೆಳಿಗ್ಗೆ ಎದ್ದು ನೋಡಿದರೆ ನಿನ್ನೆಯ ದಾರಿ ಇರುತ್ತಿರಲಿಲ್ಲ.

"ನಮ್ ಬೆಟ್ಟ ಎದ್ದು ನಡೆದ್ರೆ ಎಲ್ಲಿಗೆ ಹೋದೀತು ಅತ್ತೆ?" ಎಂದಳು ಹೆಂಡತಿ.

"ಇನ್ನೆಲ್ಲಿಗೆ? ಪಾವಗಡದ ಬೆಟ್ಟದ ಮನೆಗೆ ಊಟಕ್ಕೆ. ಬೀಗರಲ್ವಾ" ಎಂದರು ನನ್ನ ತಾಯಿ.

ಎಂಟನೆಯ ತಿಂಗಳು ಹೀಗೆ ಸಾಗಿತು. ನನಗೆ ಮಾತ್ರ ಒಂದು ಹೊಸ ಭಯ ಹುಟ್ಟಿಕೊಂಡಿತ್ತು. ಕನ್ನಡದ ಪುಸ್ತಕವನ್ನು ನಾನು ಮುಂಚೆಯೇ ಓದಿ, ಮುಳ್ಳಿದ್ದರೆ ತೆಗೆದು ಕೊಡುತ್ತಿದ್ದೆ. ಇಲ್ಲಿ ಹಾಗಲ್ಲ. ನಾನು ಕಣ್ಣು ಕಟ್ಟಿಕೊಂಡು ಬಾವಿಕಟ್ಟೆಯ ಮೇಲೆ ನಡೆಯುತ್ತಿದ್ದೆ. ಮುಂದಿನ ಸಾಲಿನಲ್ಲಿ ಏನಿದೆಯೋ ಗೊತ್ತಿಲ್ಲದೆ ನನ್ನ ಬಾಯಿಂದಲೇ ಅದನ್ನು ಅವಳ ಕಿವಿಗೆ ಹಾಕುತ್ತಿದ್ದೆ.

ಆ ದಿನವೂ ಹಾಗೇ ಆಯಿತು. ಮೋಡ ಕವಿದು ಬೆಳಕು ಕಡಿಮೆಯಿತ್ತು. ಅವಸರದಲ್ಲಿ ಓದುತ್ತಿದ್ದೆ. ಒಂದು ಪುಟದ ಕೊನೆಯಲ್ಲಿ, "ಬಿಡ್ಡ ಪುಟ್ಟಿನ ನಾಡೇ ಚನಿಪೋಯೆನು" ಎಂದು ಕೂಡಿಸಿ ಓದಿ ತಲೆ ಎತ್ತಿದೆ. ಅವಳು ಕಣ್ಣು ಮುಚ್ಚಿಯೇ ಇದ್ದಳು.

"ಏನಂತೆ?" ಎಂದೆ.

"ಏನಿಲ್ಲ. ರಾಜ ಬೇಟೆಗೆ ಹೋದ್ನಂತೆ. ಮುಂದೆ ಓದಿ."

ನನಗೆ ತೆಲುಗು ಬಾರದು ನಿಜ. ಆದರೆ ಕೊಡಿಗೇನಹಳ್ಳಿ ಸಂತೆಗೆ ಹೋಗಿ ಬರುವ ಯಾರಿಗಾದರೂ 'ಬಿಡ್ಡ' ಎಂದರೆ ಏನು, 'ಚನಿಪೋಯೆನು' ಎಂದರೆ ಏನು ಎಂದು ಗೊತ್ತು. ಓದುವಾಗ ಅಕ್ಷರ ಕೂಡಿಸುವ ಗಡಿಬಿಡಿಯಲ್ಲಿ ಹೊಳೆದಿರಲಿಲ್ಲ. ಅವಳು ಬೇಟೆ ಎಂದಾಗ ಹೊಳೆಯಿತು. ಹುಟ್ಟಿದ ದಿನವೇ ಕೂಸು ಸತ್ತಿತು. ನಾನು ಅದನ್ನು ಅವಳ ಮುಖದ ಮುಂದೆ, ಗಟ್ಟಿಯಾಗಿ, ಎಳೆದೆಳೆದು ಓದಿದ್ದೆ.

ಪುಸ್ತಕ ಮಡಿಲಲ್ಲಿ ಇಟ್ಟೆ. "ಬೇಟೆಗೆ ಹೋದ್ನಾ?"

ಅವಳು ಕಣ್ಣು ತೆರೆದಳು. ನನ್ನನ್ನು ನೋಡಿ, "ನೀವು ರಾಣೀನ ಬೇರೆ ಕೆರೆಗೆ ಕಳಿಸಲಿಲ್ವಾ, ಅಂಗೇ" ಎಂದಳು.

"ನಿನಗೆ ಗೊತ್ತಿತ್ತಾ?"

"ಓದೋವಾಗ ನಿಮ್ ಕಣ್ಣು ಸಾಲಿನ ಮ್ಯಾಲೆ ಓಡ್ತೈತೆ. ಅವತ್ತು ನಿಂತೇ ಇತ್ತು. ಅವ್ಳು ಸತ್ಲು ಅಂತ ಅವತ್ತೇ ತಿಳ್ಕಂಡೆ. ನಿಮಗೆ ಹೇಳೋಕೆ ಭಯ ಅಂತ ಸುಮ್ನಾದೆ."

ಒಳಗೆ ನನ್ನ ತಾಯಿಯ ಪಾತ್ರೆಯ ಸದ್ದು ನಿಂತಿತು. ನಾನು ಪುಸ್ತಕದ ಅಂಚು ಸವರುತ್ತಾ ಕೂತೆ. ಕೊನೆಗೆ, ಇಷ್ಟು ವರ್ಷ ಕೇಳದಿದ್ದದ್ದನ್ನು ಕೇಳಿದೆ.

"ಅದು ಯಾರ ಹಾಗಿತ್ತು? ಆ ಎರಡನೇದು?"

ಅವಳು ತಡಮಾಡಲಿಲ್ಲ. ಈ ಪ್ರಶ್ನೆಗೆ ಕಾಯುತ್ತಿದ್ದವಳಂತೆ ಹೇಳಿದಳು. ಕಿವಿ ನಿಮ್ಮದೇ. ತಲೆತುಂಬ ಕೂದಲು. ನನ್ನ ಬೆರಳು ಹಿಡಿದಿತ್ತು. ಬಿಡಿಸಿಕೊಳ್ಳಬೇಕಾಯಿತು. ಮೊದಲನೆಯದನ್ನು ಮಾತ್ರ ನನಗೂ ತೋರಿಸಲಿಲ್ಲ, ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋದರು. ಹೇಳುತ್ತಾ ಹೇಳುತ್ತಾ ಅತ್ತಳು. ನಾನೂ ಅತ್ತೆ. ನನ್ನ ತಾಯಿ ಹೊಸ್ತಿಲಿಗೆ ಬಂದು ನಿಂತವರು, "ಅಳ್ಬ್ಯಾಡ ಕಣಮ್ಮ, ಒಳಗಿರೋದಕ್ಕೆ ಕೇಳ್ತದೆ" ಎನ್ನಲು ಬಾಯಿ ತೆರೆದು, ಅರ್ಧದಲ್ಲೇ ತಾವೂ ಸೆರಗು ಬಾಯಿಗೆ ಒತ್ತಿಕೊಂಡರು.

ಕತ್ತಲಾಗಿಹೋಗಿತ್ತು. ಬುಡ್ಡಿ ಹಚ್ಚುವುದೂ ಮರೆತಿತ್ತು.

"ಇನ್ಮೇಲೆ ಇದ್ದದ್ದು ಇದ್ದಂಗೇ ಓದಿ. ನಾನೂ ಇದ್ದದ್ದು ಇದ್ದಂಗೇ ಹೇಳ್ತೀನಿ" ಎಂದಳು.

ಮಾರನೆಯ ದಿನ ಕೆರೆಯ ತಳದ ರಾಣಿಯ ಅಧ್ಯಾಯವನ್ನು ಮೊದಲಿಂದ ಕಡೆಯವರೆಗೆ ಒಂದು ಅಕ್ಷರ ಬಿಡದೆ ಓದಿದೆ. ನನ್ನ ದನಿ ಎರಡು ಕಡೆ ನಡುಗಿತು. ಅವಳು ಗಟ್ಟಿ ಮನಸ್ಸಿನಿಂದ ಕೇಳಿಸಿಕೊಂಡಳು. ಮುಗಿದ ಮೇಲೆ, "ಆ ದಾದಿಯರಿಗೆ ಕೆಲ್ಸ ಬರಲ್ಲ. ನಮ್ ನರ್ಸಮ್ಮ ಇದ್ದಿದ್ರೆ ಉಳಿಸೋರು" ಎಂದಳು.

ಭಯ ಹೋಯಿತು ಎನ್ನಲಾರೆ. ಇಬ್ಬರದೂ ಒಂದೇ ಭಯ ಎಂದು ತಿಳಿದ ಮೇಲೆ ರಾತ್ರಿ ಎಚ್ಚರವಾದರೆ, "ನೀವೂ ಎದ್ದಿದ್ದೀರಾ?" ಎಂದು ಅವಳು ಕೇಳುತ್ತಿದ್ದಳು. "ಹ್ಞೂಂ" ಎನ್ನುತ್ತಿದ್ದೆ. ಅಷ್ಟೇ ವ್ಯತ್ಯಾಸ.

ಒಂಬತ್ತು ತುಂಬುವ ಮೊದಲೇ, ಒಂದು ಬೆಳಿಗ್ಗೆ ನೋವು ಶುರುವಾಯಿತು. ಗಾಡಿಯಲ್ಲಿ ಹುಲ್ಲು ಹಾಸಿ ಆಸ್ಪತ್ರೆಗೆ ಕರೆದೊಯ್ದೆವು. ನಾನು ಬೇವಿನ ಮರದ ಕೆಳಗೆ ಕೂತೆ. ಹೊತ್ತು ನೆತ್ತಿಗೆ ಬಂತು, ಇಳಿಯಿತು. ಒಳಗಿನಿಂದ ಅವಳ ದನಿ ಕೇಳಿದಾಗ ಎದ್ದು ನಿಲ್ಲುತ್ತಿದ್ದೆ, ಕೇಳದಿದ್ದಾಗಲೂ ಎದ್ದು ನಿಲ್ಲುತ್ತಿದ್ದೆ. ನನ್ನ ತಾಯಿ ಒಮ್ಮೆ ಹೊರಗೆ ಬಂದು ನನ್ನ ಕಡೆ ನೋಡದೆ ನೀರು ತೆಗೆದುಕೊಂಡು ಹೋದರು. ಅವರು ಏಕೆ ನೋಡಲಿಲ್ಲ ಎಂಬುದನ್ನೇ ಹಿಡಿದು ನಾನು ಏನೇನೋ ಕಲ್ಪಿಸಿಕೊಂಡೆ. ಮಾವನವರಿಗೆ ಏನೆಂದು ಹೇಳುವುದು ಎಂಬ ಮಾತನ್ನೂ ಮನಸ್ಸು ಜೋಡಿಸಿಟ್ಟಿತ್ತು.

ಬಿಸಿಲು ಇಳಿಯುವಾಗ ಕೂಸಿನ ಅಳು ಕೇಳಿತು. ಸಣ್ಣ ದನಿ. ಬೆಕ್ಕಿನ ಮರಿಯೇನೋ ಎಂದುಕೊಂಡೆ. ನರ್ಸಮ್ಮ ಬಾಗಿಲಿಗೆ ಬಂದು, "ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು, ಮೇಷ್ಟ್ರೇ. ಬಿಡಿಸಿದೀವಿ. ಹೆಣ್ಣು. ಬಹಳ ಚಿಕ್ಕದು. ಇವತ್ತು ರಾತ್ರಿ ಕಳೀಲಿ" ಎಂದರು.

ಆ ರಾತ್ರಿ ಕಳೆಯಿತು, ಮರುದಿನದ ಸಂಜೆಯೂ ಕಳೆಯಿತು. ನನ್ನ ತಾಯಿ ಕೂಸನ್ನು ಹತ್ತಿಯಲ್ಲಿ ಸುತ್ತಿ ಎದೆಗೆ ಅವುಚಿಕೊಂಡೇ ಇರುತ್ತಿದ್ದರು. ಹಾಲು ಕುಡಿಯುವ ಬಲವೂ ಅದಕ್ಕಿರಲಿಲ್ಲ. ಹತ್ತಿಯ ಬತ್ತಿಯಲ್ಲಿ ಅದ್ದಿ ಅದ್ದಿ ತುಟಿಗೆ ಇಡಬೇಕು. ತಿಂಗಳು ತುಂಬುವವರೆಗೂ ನಾವು ಯಾರೂ ಜೋರಾಗಿ ಮಾತಾಡಲಿಲ್ಲ. ಆಮೇಲೆ ಒಂದು ದಿನ ಅದು ಹಸಿವಿಗೆ ಬೀದಿಗೆ ಕೇಳುವಂತೆ ಕಿರುಚಿತು. ನನ್ನ ತಾಯಿ ಹಿತ್ತಲಿಗೆ ಹೋಗಿ ಬೀಸುವ ಕಲ್ಲನ್ನು ಒಳಗೆ ತರಿಸಿದರು.

ತೆಲುಗು ಪುಸ್ತಕ ಮುಗಿಸಿದ್ದು ಬಾಣಂತನದಲ್ಲಿ. ಕೊರಟಗೆರೆಯ ಪುಸ್ತಕ ಹಿಂದಿರುಗಿಸಿ ಶೇಕ್ದಾರರಿಗೆ ಮಾತಿನಂತೆ ಎಲ್ಲವನ್ನೂ ಹೇಳಿ ಬಂದೆ. ಹೆಂಡತಿ ಸುಮ್ಮನಿರಲಿಲ್ಲ. "ಆ ಬರೆಯೋರಿಗೆ ಒಂದು ಕಾರ್ಡು ಹಾಕಿ. ಮೂರರಲ್ಲಿ ಎರಡು ಓದಿದ್ವಿ, ಒಂದನ್ನ ಗೆದ್ದಲು ಓದ್ತು, ಮುಂದೇನು ಅಂತ ಕೇಳಿ" ಎಂದಳು. ಪುಸ್ತಕದಲ್ಲಿದ್ದ ವಿಳಾಸಕ್ಕೆ ಬರೆದೆ. ಉತ್ತರ ಬರುವ ಆಸೆ ನನಗಿರಲಿಲ್ಲ. ಕಾರ್ಡು ಬಂತು. ವಯಸ್ಸಾದ ಕೈಯ ಬರಹ. ಗೆದ್ದಲಿನ ಅಭಿರುಚಿ ಒಳ್ಳೆಯದೆಂದು ಬರೆದು, ಇನ್ನೆರಡು ಪುಸ್ತಕಗಳನ್ನು ಸೂಚಿಸಿದ್ದರು. ಒಂದು ತಮಿಳಿನದು. ಅದನ್ನು ಕೈಬಿಟ್ಟೆವು. ಇನ್ನೊಂದು ತುಮಕೂರಿನ ಅಂಗಡಿಯೊಂದರಲ್ಲಿ ಇರಬಹುದು ಎಂದಿತ್ತು.

"ಈ ಸಲ ನಾನೂ ಬರ್ತೀನಿ. ನೀವು ಹೋಗಿ, ಬಸ್ಸು ನಿಂತು, ನಾನು ಬಾಗ್ಲು ಕಾಯೋದು ಬ್ಯಾಡ" ಎಂದಳು.

ಮಗಳಿಗೆ ಹಲ್ಲು ಮೂಡುವ ಕಾಲ. ಬೇಡವೆಂದೆ, ಬಿಸಿಲು ಎಂದೆ, ಹೊಗೆ ಎಂದೆ. ನನ್ನ ತಾಯಿಯೂ ಹೊರಟು ನಿಂತ ಮೇಲೆ ಮಾತಾಡಿ ಪ್ರಯೋಜನವಿರಲಿಲ್ಲ. ಇದ್ದಿಲ ಬಸ್ಸಿನ ತಿರುಗಣಿಯ ಸದ್ದಿಗೆ ಮಗಳು ಕಿಟಾರನೆ ಕಿರುಚಿಕೊಂಡಳು. ನಾನು ಅವಳ ಕಿವಿ ಮುಚ್ಚಲೋ, ಮಸಿ ಹಾರಿ ಬರುವ ಕಿಟಕಿಯನ್ನು ಮುಚ್ಚಲೋ ಎಂದು ಒದ್ದಾಡುತ್ತಿದ್ದೆ. ಹೆಂಡತಿ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡು, "ಅಳ್ಲಿ ಬುಡಿ, ಒಳ್ಳೆ ದನಿ" ಎಂದಳು. ಬಸ್ಸು ಹೊರಟಿತು.